ಹತ್ತಿ ಬಿಡಿಸುವ ತಿಂಗಳುಗಳನ್ನು ಮೊದಲು ಬರೆದುಕೊಂಡೆವು

ನಾನು ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರು, ಏಳು, ಎಂಟನೇ ತರಗತಿಗಳಿಗೆ ಗಣಿತ ಕಲಿಸುತ್ತೇನೆ. 2022ರಲ್ಲಿ ಮುಖ್ಯಗುರುಗಳ ಹುದ್ದೆ ಖಾಲಿಯಾಗಿ ಪ್ರಭಾರ ನನ್ನ ಹೆಗಲಿಗೆ ಬಂತು. ಜೊತೆಗೆ ಶಾಲೆಯ ವಾರ್ಷಿಕ ಶೈಕ್ಷಣಿಕ ಯೋಜನೆ ಬರೆಯುವ ಹೊಣೆಯೂ ಬಂತು. ಊರಿನ ಮಕ್ಕಳಲ್ಲದೆ ಸುತ್ತಲಿನ ನಾಲ್ಕು ದೊಡ್ಡಿಗಳಿಂದ (ನಮ್ಮ ಕಡೆ ಪುಟ್ಟ ಜನವಸತಿಗಳನ್ನು ಹೀಗೆನ್ನುತ್ತಾರೆ), ಒಂದು ತಾಂಡಾದಿಂದ ಮಕ್ಕಳು ನಡೆದು ಬರುತ್ತಾರೆ. ಆ ವರ್ಷ ಆರರಿಂದ ಎಂಟರವರೆಗೆ 94 ಮಕ್ಕಳಿದ್ದರು.

ಹಳೆಯ ಯೋಜನೆಗಳ ಕಡತ ಬಿಚ್ಚಿ ನೋಡಿದೆ. ಫಲಿತಾಂಶವನ್ನು ಶೇಕಡಾ ಇಷ್ಟರಿಂದ ಇಷ್ಟಕ್ಕೆ ಏರಿಸುವುದು, ನಿಧಾನ ಕಲಿಕೆಯ ಮಕ್ಕಳಿಗೆ ವಿಶೇಷ ತರಗತಿ ನಡೆಸುವುದು, ತಿಂಗಳಿಗೊಮ್ಮೆ ಪಾಲಕರ ಸಭೆ ಕರೆಯುವುದು. ಮೂರು ವರ್ಷದ ಯೋಜನೆಗಳಲ್ಲೂ ಇವೇ ಸಾಲುಗಳಿದ್ದವು, ದಿನಾಂಕವಷ್ಟೇ ಬೇರೆ. ಒಂದರಲ್ಲೂ ಒಂದು ಮಗುವಿನ ಹೆಸರಿರಲಿಲ್ಲ. ನಾನೂ ಮೊದಲ ಸಲ ಅದನ್ನೇ ನಕಲು ಮಾಡಿ, ಸಹಿ ಹಾಕಿ ಕಳುಹಿಸಿದೆ. ಸಂಜೆ ನಾಲ್ಕೂವರೆಯಿಂದ ಐದೂವರೆಯವರೆಗೆ ವಿಶೇಷ ತರಗತಿ ಎಂದು ಬರೆದು, ವರ್ಷದ ಆರಂಭದ ಪರೀಕ್ಷೆಯಲ್ಲಿ ಹಿಂದೆ ಬಿದ್ದ 34 ಮಕ್ಕಳ ಪಟ್ಟಿಯನ್ನು ಫಲಕಕ್ಕೆ ಅಂಟಿಸಿದೆ.

ಮೊದಲ ದಿನ 26 ಮಕ್ಕಳು ಕೂತರು. ಹತ್ತನೇ ದಿನಕ್ಕೆ ಒಂಬತ್ತು. ಆ ಒಂಬತ್ತರಲ್ಲಿ ಒಬ್ಬ ಹುಡುಗಿಯೂ ಇರಲಿಲ್ಲ. ಸಿಟ್ಟಿನಲ್ಲಿ ಒಂದು ಸಂಜೆ ಒಂದು ದೊಡ್ಡಿಗೇ ಹೋದೆ. ಪಟ್ಟಿಯಲ್ಲಿದ್ದ ಏಳನೇ ತರಗತಿಯ ಹುಡುಗಿ ಕೈಪಂಪಿನ ಸರದಿಯಲ್ಲಿ ಕೊಡ ಇಟ್ಟು ನಿಂತಿದ್ದಳು, ಸೊಂಟದ ಮೇಲೆ ತಮ್ಮ. ಅವಳ ತಾಯಿ ಹೊಲದಿಂದ ಆಗಷ್ಟೇ ಬಂದಿದ್ದರು. "ಮಾಸ್ತರರೇ, ಬೆಳಿಗ್ಗೆ ಎಷ್ಟು ಹೊತ್ತಿಗೆ ಕರೆದರೂ ಕಳುಹಿಸುತ್ತೇನೆ. ಸಂಜೆ ಇವಳು ಬರದಿದ್ದರೆ ಮನೆಯಲ್ಲಿ ದೀಪ ಹಚ್ಚುವವರಿಲ್ಲ" ಎಂದರು. ಆ ಮಾತು ಕೇಳಿದ ಮೇಲೆ ಸಿಟ್ಟು ಇಳಿಯಿತು, ನಾಚಿಕೆ ಉಳಿಯಿತು. ಸಮಯ ನಿಗದಿ ಮಾಡುವಾಗ ನಾನು ಒಬ್ಬ ತಾಯಿಯನ್ನೂ ಕೇಳಿರಲಿಲ್ಲ.

ಆಗಸ್ಟ್‌ನಲ್ಲಿ ನಾವು ಐವರು ಶಿಕ್ಷಕರು ಕೂತು ಹೊಸದಾಗಿ ಶುರು ಮಾಡಿದೆವು. ಈ ಸಲ ಅಂಕಪಟ್ಟಿಗಿಂತ ಮೊದಲು ಹಿಂದಿನ ವರ್ಷಗಳ ಹಾಜರಿ ಪುಸ್ತಕ ತೆಗೆದೆವು. ಕಲಿಕೆಯನ್ನು ಸುಧಾರಿಸಲು ಹೊರಟ ಯಾವ ಶಾಲೆಗಾದರೂ ನಾನು ಹೇಳುವ ಮೊದಲ ಮಾತು ಇದೇ: ಹಾಜರಿ ಪುಸ್ತಕವನ್ನು ಓದಿ. ಶೇಕಡಾವಾರು ಲೆಕ್ಕ ಸಾಲದು. ಗೈರುಹಾಜರಿಯ ಗುರುತುಗಳು ಎಲ್ಲಿ ಗುಂಪುಗೂಡಿವೆ ಎಂದು ಬೆರಳಿಟ್ಟು ನೋಡಬೇಕು. ನವೆಂಬರ್‌ನಿಂದ ಜನವರಿಯವರೆಗಿನ ಪುಟಗಳಲ್ಲಿ ಅರ್ಧದಷ್ಟು ಹೆಸರುಗಳ ಮುಂದೆ ಒಂದೇ ಸಮನೆ ಗೈರು. ಅದು ನಮ್ಮ ಕಡೆ ಹತ್ತಿ ಬಿಡಿಸುವ ಕಾಲ. ಬೆಳಿಗ್ಗೆ ಕೂಲಿಯವರನ್ನು ಒಯ್ಯುವ ಟಂಟಂ ಆಟೋಗಳು ದೊಡ್ಡಿಯ ಬಾಗಿಲಿಗೆ ಬರುತ್ತವೆ, ತಾಯಿಯ ಜೊತೆ ಮಗಳೂ ಹತ್ತುತ್ತಾಳೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆರರಿಂದ ಎಂಟನೇ ತರಗತಿಗೆ ವರ್ಷಕ್ಕೆ 220 ದಿನ ಶಾಲೆ ನಡೆಯಬೇಕು. ಶಾಲೆ ಮುಚ್ಚದ ವರ್ಷಗಳಲ್ಲಿ ನಾವು ನಡೆಸುತ್ತಿದ್ದೆವು. ಆದರೆ ಇಂಥ ಮಕ್ಕಳ ಪಾಲಿಗೆ ಸಿಕ್ಕದ್ದು 150, ಕೆಲವರಿಗೆ ಅದೂ ಇಲ್ಲ.

ಇನ್ನೊಂದು ಗುರುತು ನನ್ನ ಕಣ್ಣಿಗೆ ಬಿದ್ದಿರಲಿಲ್ಲ, ನಮ್ಮ ಕನ್ನಡ ಟೀಚರ್ ಕಂಡುಹಿಡಿದರು. ಎಂಟನೇ ತರಗತಿಯ ಏಳು ಹುಡುಗಿಯರು ಪ್ರತಿ ತಿಂಗಳು ಮೂರು ನಾಲ್ಕು ದಿನ ತಪ್ಪುತ್ತಿದ್ದರು. ಟೀಚರ್ ಅವರೊಂದಿಗೆ ಬೇರೆಯಾಗಿ ಮಾತನಾಡಿದರು. ಶೌಚಾಲಯದ ಬಾಗಿಲಿಗೆ ಚಿಲಕವಿರಲಿಲ್ಲ, ತೊಟ್ಟಿಗೆ ನೀರು ಏರುತ್ತಿರಲಿಲ್ಲ. ಶುಚಿ ಯೋಜನೆಯಲ್ಲಿ ಬಂದ ಪ್ಯಾಡ್‌ಗಳು ಬಂದಷ್ಟು ದಿನ ಬೀರುವಿನಲ್ಲೇ ಇದ್ದವು. ಗಂಡು ಮಾಸ್ತರರ ಎದುರು ಕೇಳುವುದು ಹೇಗೆ ಎಂದು ಮಕ್ಕಳು ಸುಮ್ಮನಿದ್ದರು. ಚಿಲಕಕ್ಕೆ ನೂರು ರೂಪಾಯಿಯೂ ಆಗಲಿಲ್ಲ. ಪೈಪನ್ನು ಗ್ರಾಮ ಪಂಚಾಯಿತಿಯವರು ಹಾಕಿಸಿಕೊಟ್ಟರು. ಬೀರುವಿನ ಕೀಲಿ ಟೀಚರ್ ಕೈಗೆ ಹೋಯಿತು. ಆ ವರ್ಷ ನಾವು ಮಾಡಿದ ಕೆಲಸಗಳಲ್ಲಿ ಎಲ್ಲಕ್ಕಿಂತ ಬೇಗ ಫಲ ಕೊಟ್ಟದ್ದು ಆ ಚಿಲಕ.

ಹಾಜರಿಯಾದ ಮೇಲೆ ಓದು. ಒಂದೊಂದು ಮಗುವನ್ನು ಪ್ರತ್ಯೇಕವಾಗಿ ಐದೈದು ನಿಮಿಷ ಕೂರಿಸಿಕೊಂಡು ನಾಲ್ಕನೇ ತರಗತಿಯ ಪುಸ್ತಕದ ಒಂದು ಪರಿಚ್ಛೇದವನ್ನು ಓದಿಸಿದೆವು. 94 ಮಕ್ಕಳಿಗೆ ಒಂಬತ್ತು ದಿನ ಹಿಡಿಯಿತು. ಆರನೇ ತರಗತಿಯ ಒಬ್ಬ ಹುಡುಗ ಪಾಠವನ್ನು ಗಟ್ಟಿ ದನಿಯಲ್ಲಿ ಹೇಳಿದ, ಬೆರಳು ಮಾತ್ರ ಬೇರೆ ಸಾಲಿನ ಮೇಲಿತ್ತು. ಕೇಳಿ ಕೇಳಿ ಬಾಯಿಪಾಠವಾಗಿತ್ತು. ಪುಟ ತಿರುವಿ ಬೇರೆ ಕಡೆ ತೋರಿಸಿದಾಗ 'ಕಣ್ಣು' ಎಂಬುದನ್ನು 'ಕಣು' ಎಂದ, 'ಪ್ರಶ್ನೆ'ಯನ್ನು 'ಪಶೆ' ಎಂದ. ಕೆಳಗಿನ ಒತ್ತುಗಳು ಅವನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. 'ಪಶೆ ಎಂದರೇನು?' ಎಂದು ಕೇಳಿದೆ. ಗೊತ್ತಿಲ್ಲ ಸರ್ ಎಂದು ತಲೆ ತಗ್ಗಿಸಿದ. ಇಂಥವನಿಗೆ ಪ್ರಶ್ನೆಪತ್ರಿಕೆ ಕೊಡುತ್ತಾ ಬಂದಿದ್ದೇವೆ!

ಅವನು ಯಾಕೆ ಹೀಗಾದ ಎಂದು ಲೆಕ್ಕ ಹಾಕಿದರೆ ತಪ್ಪು ಅವನದಲ್ಲ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ಅವನು ಮೂರನೇ ತರಗತಿ, ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿಯ ಕೊನೆಯ ವರ್ಷ. ನಾಲ್ಕನೆಯದು ಗುಡಿಯ ಕಟ್ಟೆಯ ಮೇಲೆ ವಿದ್ಯಾಗಮದ (ಶಾಲೆ ಮುಚ್ಚಿದ್ದಾಗ ಊರಲ್ಲೇ ನಡೆಸಿದ ಪಾಠದ) ಕೆಲವು ವಾರಗಳಲ್ಲಿ, ಉಳಿದದ್ದು ಹೊಲದಲ್ಲಿ ಕಳೆಯಿತು. ಐದನೇ ತರಗತಿಗೆ ಶಾಲೆಯ ಬಾಗಿಲು ತೆರೆದದ್ದೇ 2021ರ ಅಕ್ಟೋಬರ್ ಕೊನೆಗೆ. ಇಂಥ ಮಗುವನ್ನು 'ನಿಧಾನ ಕಲಿಕೆಯವನು' ಎಂದು ಕರೆಯುವುದನ್ನು ನಾವು ಅಂದೇ ನಿಲ್ಲಿಸಿದೆವು. ಕಲಿಸದೆ ಬಿಟ್ಟದ್ದನ್ನು ಮಗುವಿನ ಗುಣವೆಂದು ಕಡತದಲ್ಲಿ ಬರೆಯುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ಅದರ ಬದಲು ದೊಡ್ಡ ಡ್ರಾಯಿಂಗ್ ಹಾಳೆಯೊಂದರ ಮೇಲೆ 94 ಹೆಸರುಗಳನ್ನು ಬರೆದು, ಪ್ರತಿ ಹೆಸರಿನ ಮುಂದೆ ಮಗು ಎಲ್ಲಿ ನಿಂತಿದೆ ಎಂಬುದನ್ನಷ್ಟೇ ಬರೆದೆವು: 'ಒತ್ತಕ್ಷರದಲ್ಲಿ', 'ಭಾಗಾಕಾರದಲ್ಲಿ', 'ಭಿನ್ನರಾಶಿಯಲ್ಲಿ'. ಅಕ್ಷರಗಳಲ್ಲೇ ನಿಂತವರು 11, ಒತ್ತಿಲ್ಲದ ಪದಗಳವರೆಗೆ ಬಂದವರು 23, ತಡೆದು ತಡೆದು ವಾಕ್ಯ ಓದುವವರು 27, ಸರಾಗವಾಗಿ ಓದುವವರು 33. ಹಾಳೆಯನ್ನು ಶಿಕ್ಷಕರ ಕೋಣೆಯ ಒಳಗೋಡೆಗೆ ಅಂಟಿಸಿದೆವು, ಮಕ್ಕಳ ಕಣ್ಣಿಗೆ ಬೀಳದಂತೆ. ಫಲಕದ ಮೇಲೆ ಹಿಂದುಳಿದವರ ಪಟ್ಟಿ ಅಂಟಿಸಿದ ತಪ್ಪನ್ನು ನಾನು ಒಮ್ಮೆ ಮಾಡಿ ಆಗಿತ್ತು.

ಪ್ರಾರ್ಥನೆ ಮುಗಿದ ಮೇಲಿನ ಮೊದಲ ಅವಧಿಯನ್ನು ಮೂರೂ ತರಗತಿಗಳಿಗೆ ಒಟ್ಟಿಗೆ ತೆರೆದೆವು. ಆ 45 ನಿಮಿಷ ಆರು, ಏಳು, ಎಂಟು ಎಂಬುದಿಲ್ಲ; ಎಲ್ಲಿ ನಿಂತಿದ್ದಾರೋ ಆ ಗುಂಪು. ಸೋಮವಾರದಿಂದ ಬುಧವಾರ ಕನ್ನಡ, ಗುರುವಾರ ಮತ್ತು ಶುಕ್ರವಾರ ಗಣಿತ. ಕೊರೊನಾ ಕಾಲದಲ್ಲಿ ತಪ್ಪಿದ ಕಲಿಕೆಯನ್ನು ತುಂಬಿಸುವ 'ಕಲಿಕಾ ಚೇತರಿಕೆ'ಯ ವರ್ಷವಾದ್ದರಿಂದ ಇಲಾಖೆಯ ಕಲಿಕಾ ಹಾಳೆಗಳು ಕೈಯಲ್ಲಿದ್ದವು. ಅವನ್ನು ತರಗತಿಗೆ ತಕ್ಕಂತೆ ಹಂಚದೆ ಗುಂಪಿಗೆ ತಕ್ಕಂತೆ ಹಂಚಿದೆವು. ಎಂಟನೇ ತರಗತಿಯ ದೊಡ್ಡ ಹುಡುಗರು ಆರನೆಯವರ ಜೊತೆ ಕೂರಲು ಮುಖ ಮುರಿದರು. ಕೆಳಗಿನ ಗುಂಪನ್ನು ಅತಿ ಅನುಭವಿ ಶಿಕ್ಷಕರೇ ತೆಗೆದುಕೊಳ್ಳಬೇಕು ಎಂದು ತೀರ್ಮಾನಿಸಿದ್ದು ಇಲ್ಲಿ ನೆರವಾಯಿತು. ಸಾಮಾನ್ಯವಾಗಿ ಆ ಗುಂಪು ಹೊಸದಾಗಿ ಬಂದ ಅತಿಥಿ ಶಿಕ್ಷಕರ ಪಾಲಿಗೆ ಬೀಳುತ್ತದೆ. ನಮ್ಮಲ್ಲಿ ಇಪ್ಪತ್ತೆರಡು ವರ್ಷ ಸೇವೆಯಾದ ಹಿರಿಯ ಗುರುಗಳು ಅದನ್ನು ಕೇಳಿ ಪಡೆದರು. ಅವರ ಗುಂಪಿನಲ್ಲಿ ಕೂರುವುದೇ ಒಂದು ಮಾನ ಎಂದು ಮಕ್ಕಳು ತಿಳಿಯುವ ಹಾಗೆ ನಡೆಸಿದರು.

ಗಣಿತದ ನನ್ನ ಗುಂಪಿನಲ್ಲಿ ಕೈಪಂಪಿನ ಹತ್ತಿರ ಕಂಡ ಆ ಹುಡುಗಿ ಇದ್ದಳು. 503ರಲ್ಲಿ 278 ಕಳೆ ಎಂದರೆ 375 ಎಂದು ಬರೆದಳು. ಐದರಲ್ಲಿ ಎರಡು ಹೋದರೆ ಮೂರು, ಏಳು ಮತ್ತು ಸೊನ್ನೆಯ ನಡುವೆ ಏಳು, ಎಂಟರಲ್ಲಿ ಮೂರು ಹೋದರೆ ಐದು: ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದ್ದಳು. ಪುಸ್ತಕ ಮುಚ್ಚಿಸಿ ಕೇಳಿದೆ: "ನಿನ್ನ ಹತ್ತಿರ ಐನೂರ ಮೂರು ರೂಪಾಯಿ ಇದೆಯಮ್ಮ. ಕಿರಾಣಿ ಅಂಗಡಿಯಲ್ಲಿ ಇನ್ನೂರ ಎಪ್ಪತ್ತೆಂಟು ಕೊಟ್ಟೆ. ಎಷ್ಟು ಉಳಿಯಿತು?" ಅವಳು ಮೇಲೆ ನೋಡಿದಳು. ಇಪ್ಪತ್ತೆರಡು ಹಾಕಿದರೆ ಮುನ್ನೂರು, ಅಲ್ಲಿಂದ ಇನ್ನೂರು, ಮೇಲೆ ಮೂರು. "ಇನ್ನೂರ ಇಪ್ಪತ್ತೈದು ಸರ್." ಹತ್ತಿಯ ತೂಕಕ್ಕೆ ಕೂಲಿ ಎಣಿಸುವ ಹುಡುಗಿ ಅವಳು, ಲೆಕ್ಕ ಬರುತ್ತಿತ್ತು, ನಮ್ಮ ಬರಹ ಬರುತ್ತಿರಲಿಲ್ಲ.

ಕಳೆಯುವಾಗ ಪಕ್ಕದ ಸ್ಥಾನದಿಂದ 'ಸಾಲ' ತೆಗೆದುಕೋ ಎಂದೇ ನಾನು ಹದಿನಾಲ್ಕು ವರ್ಷ ಕಲಿಸಿದ್ದೆ. ಅವಳ ಮನೆಯಲ್ಲಿ ಸಾಲ ಎಂದರೆ ತೀರಿಸಬೇಕಾದದ್ದು. "ತೆಗೆದುಕೊಂಡದ್ದನ್ನು ಯಾವಾಗ ವಾಪಸ್ ಕೊಡುವುದು ಸರ್?" ಎಂದು ಅವಳು ನಿಜವಾಗಿಯೂ ಕೇಳಿದಳು. ಅಂದಿನಿಂದ ಆ ಪದ ಬಿಟ್ಟೆ. ರಟ್ಟಿನಲ್ಲಿ ನೂರರ, ಹತ್ತರ, ಒಂದರ ನೋಟುಗಳನ್ನು ಕತ್ತರಿಸಿ ಕೊಟ್ಟು 'ಚಿಲ್ಲರೆ ಮಾಡಿಸು' ಎಂದೆ. ಐದು ನೂರರ ನೋಟಿನಲ್ಲಿ ಒಂದನ್ನು ಹತ್ತು ಹತ್ತರ ನೋಟುಗಳಾಗಿ, ಅದರಲ್ಲಿ ಒಂದನ್ನು ಹತ್ತು ಬಿಡಿಗಳಾಗಿ ಮುರಿದಳು. ನಾಲ್ಕು ನೂರು, ಒಂಬತ್ತು ಹತ್ತು, ಹದಿಮೂರು ಬಿಡಿ. ಸೊನ್ನೆಯ ಮೇಲೆ ಒಂಬತ್ತು ಏಕೆ ಬರೆಯುತ್ತೇವೆ ಎಂಬುದು ಅವಳ ಬೆರಳುಗಳ ನಡುವೆ ಇತ್ತು. ಎರಡು ವಾರದಲ್ಲಿ ಇಡೀ ಗುಂಪು ಅದನ್ನು ದಾಟಿತು.

ಹತ್ತಿಯ ವಿಷಯ ಅಷ್ಟು ಸುಲಭವಿರಲಿಲ್ಲ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಹಾಜರಿ ಪುಸ್ತಕವನ್ನೇ ಮೇಜಿನ ಮೇಲೆ ಬಿಡಿಸಿಟ್ಟೆ. ಸದಸ್ಯರಲ್ಲಿ ಹಲವರದೇ ಹತ್ತಿ ಹೊಲಗಳು. ಹದಿನಾಲ್ಕು ತುಂಬದ ಮಕ್ಕಳನ್ನು ಕೂಲಿಗೆ ಕರೆಯುವುದು ಅಪರಾಧ ಎಂದು ಹೇಳಿದೆ. ಎಲ್ಲರೂ ನೆಲ ನೋಡಿದರು. ಆಗ ಒಬ್ಬ ತಾಯಿ ಸದಸ್ಯರು ಎದ್ದು, "ನನ್ನ ಹೊಲಕ್ಕೆ ಈ ವರ್ಷ ಶಾಲೆಯ ಮಕ್ಕಳನ್ನು ಕರೆಯುವುದಿಲ್ಲ. ಉಳಿದವರೂ ಇಲ್ಲೇ ಹೇಳಿಬಿಡಿ" ಎಂದರು. ಒಬ್ಬೊಬ್ಬರಾಗಿ ಹೇಳಿದರು. ಬೇರೆ ಊರಿನ ಟಂಟಂ ನಿಲ್ಲಿಸುವುದು ನಮ್ಮ ಕೈಯಲ್ಲಿರಲಿಲ್ಲ, ಸ್ವಂತ ಹೊಲಕ್ಕೆ ಹೋಗುವವರೂ ಇದ್ದರು. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಮತ್ತು ಭಾನುವಾರ ಮಾತ್ರ ಮನೆಯ ಹೊಲಕ್ಕೆ ಹೋಗಲಿ ಎಂಬಲ್ಲಿಗೆ ಒಪ್ಪಂದವಾಯಿತು. ನನಗೆ ಅದು ಪೂರ್ತಿ ಸಮಾಧಾನ ತರಲಿಲ್ಲ, ಆದರೆ ಮುರಿಯದ ಒಪ್ಪಂದ ಅದಾಗಿತ್ತು.

ನಮ್ಮ ಕಡೆಯಿಂದಲೂ ಒಂದು ಬದಲಾವಣೆ ಮಾಡಿಕೊಂಡೆವು. ಭಿನ್ನರಾಶಿ, ಪೂರ್ಣಾಂಕ, ಬೀಜಗಣಿತದಂಥ ಬುನಾದಿಯ ಪಾಠಗಳನ್ನು ದಸರಾ ರಜೆಯೊಳಗೆ ಎಳೆದುಕೊಂಡೆ. ದತ್ತಾಂಶ, ಆಕೃತಿಗಳಂಥವನ್ನು ಹತ್ತಿಯ ತಿಂಗಳುಗಳಿಗೆ ಇಟ್ಟೆ. ಪಾಠ ತಪ್ಪಿಸಿಕೊಂಡು ಮರಳಿದವರಿಗೆ ಫೆಬ್ರವರಿಯ ಮೊದಲ ಎರಡು ವಾರ ಬೇರೆ ಗುಂಪು. ಪಠ್ಯಪುಸ್ತಕದ ಅನುಕ್ರಮ ಮುರಿಯಬಹುದೇ ಎಂದು ಸಹೋದ್ಯೋಗಿಗಳು ಹಿಂಜರಿದರು. ಸುತ್ತಲಿನ ಶಾಲೆಗಳಿಗೆ ಮಾರ್ಗದರ್ಶನ ಮಾಡುವ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದಾಗ ಗೋಡೆಯ ಹಾಳೆಯ ಮುಂದೆ ನಿಲ್ಲಿಸಿ ವಿವರಿಸಿದೆ, ಅವರು ಮುಂದುವರಿಸಿ ಎಂದರು.

ಪ್ರತಿ ಶಿಕ್ಷಕರಿಗೂ ಹದಿನೆಂಟು ಹತ್ತೊಂಬತ್ತು ಮಕ್ಕಳ ಹೆಸರು ಹಂಚಿದ್ದೆವು. ಮಗು ಮೂರು ದಿನ ಬರದಿದ್ದರೆ ಫೋನು, ಐದನೇ ದಿನ ಮನೆ. ಹೀಗೆ ಹೋದಾಗಲೇ ಒಬ್ಬನಿಗೆ ಕಪ್ಪು ಹಲಗೆ ಕಾಣುವುದಿಲ್ಲ ಎಂಬುದು ಗೊತ್ತಾದದ್ದು. ಬಾಲ ಸ್ವಾಸ್ಥ್ಯ ತಂಡ ತಪಾಸಣೆಗೆ ಬಂದ ದಿನ ಅವನು ಹತ್ತಿ ಹೊಲದಲ್ಲಿದ್ದ. ಕನ್ನಡಕ ಬಂದ ಮೇಲೆ ಅವನಿಗೆ ಯಾವ ವಿಶೇಷ ತರಗತಿಯೂ ಬೇಕಾಗಲಿಲ್ಲ.

ಮಾರ್ಚ್‌ನಲ್ಲಿ ಮತ್ತೆ ಅದೇ ರೀತಿ ಓದಿಸಿದೆವು, ಪರಿಚ್ಛೇದ ಮಾತ್ರ ಬೇರೆ. 91 ಮಕ್ಕಳಲ್ಲಿ 56 ಮಂದಿ ಸರಾಗವಾಗಿ ಓದಿದರು, 26 ಮಂದಿ ತಡೆದು ತಡೆದು. ಪದಗಳಲ್ಲಿ ಏಳು, ಅಕ್ಷರಗಳಲ್ಲಿ ಇಬ್ಬರು ಉಳಿದರು. ಆ ಇಬ್ಬರಿಗೂ ಬೇರೆಯದೇ ನೆರವು ಬೇಕು ಎಂಬುದನ್ನು ನಾವು ತಡವಾಗಿ ಅರಿತೆವು. ಇಂಗ್ಲಿಷ್‌ನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ. ಅದಕ್ಕೆ ಸಮಯ ಕೊಟ್ಟಿರಲೂ ಇಲ್ಲ.

ಮೂವರು ಮಕ್ಕಳು ಕುಟುಂಬದ ಜೊತೆ ಬೆಂಗಳೂರಿಗೆ ಗುಳೆ ಹೋದರು. ಅವರ ಹೆಸರನ್ನು ಹಾಳೆಯಿಂದ ಹೊಡೆದು ಹಾಕಲು ಹಿರಿಯ ಗುರುಗಳು ಬಿಡಲಿಲ್ಲ. ಮೂವರಿಗೂ ಒಂದೊಂದು ಪುಟದ ಪತ್ರ ಬರೆದು ತಂದೆಯ ಕೈಗೆ ಕೊಟ್ಟೆವು: ಎಸ್‌ಎಟಿಎಸ್ ಸಂಖ್ಯೆ (ಇಲಾಖೆಯ ದಾಖಲೆಯಲ್ಲಿ ಮಗುವಿನ ಗುರುತಿನ ಸಂಖ್ಯೆ), ಕನ್ನಡದಲ್ಲಿ ಎಲ್ಲಿಯವರೆಗೆ ಓದುತ್ತಾಳೆ, ಗಣಿತದಲ್ಲಿ ಏನು ಬರುತ್ತದೆ, ನಮ್ಮ ಫೋನ್ ಸಂಖ್ಯೆ. ವರ್ಗಾವಣೆ ಪತ್ರ ತಡವಾಯಿತೆಂದು ಯಾವ ಶಾಲೆಯೂ ಮಗುವನ್ನು ಹೊರಗೆ ನಿಲ್ಲಿಸುವಂತಿಲ್ಲ ಎಂದು ಕಾಯ್ದೆಯಲ್ಲಿದೆ. ಅದನ್ನೂ ಕೊನೆಯ ಸಾಲಿನಲ್ಲಿ ಸೇರಿಸಿದೆವು. ಇಬ್ಬರ ಸುದ್ದಿ ಇನ್ನೂ ಬಂದಿಲ್ಲ. ಮೂರನೆಯವಳು ಕೈಪಂಪಿನ ಹುಡುಗಿ. ಅವರು ಹೋಗಿ ಹದಿನೈದು ದಿನವಾಗಿರಬಹುದು, ಮಧ್ಯಾಹ್ನ ಬಿಸಿಯೂಟದ ಹೊತ್ತಿನಲ್ಲಿ ಫೋನು ಬಂತು. ಬೆಂಗಳೂರಿನ ಹೊರವಲಯದ ಒಂದು ಸರ್ಕಾರಿ ಶಾಲೆಯ ಶಿಕ್ಷಕಿ. ಪತ್ರ ಎದುರಿಗಿಟ್ಟುಕೊಂಡೇ ಮಾತನಾಡುತ್ತಿದ್ದರು. "ಸರ್, ವ್ಯವಕಲನ ಬರುತ್ತದೆ ಎಂದು ಬರೆದಿದ್ದೀರಿ, ನೋಡಿದೆ, ಬರುತ್ತದೆ. ಆದರೆ ಪ್ರತಿ ಸಲವೂ 'ಚಿಲ್ಲರೆ ಮಾಡಿಸಬೇಕು' ಎನ್ನುತ್ತಾಳೆ. ಅದೇನೆಂದು ಹೇಳಿದರೆ ಭಾಗಾಕಾರವನ್ನು ನಾನು ಅಲ್ಲಿಂದಲೇ ಶುರು ಮಾಡುತ್ತೇನೆ."