ಕರ್ನಲ್ ಸೋರ್ಸ್ ಪುಲ್ ಆಗವಲ್ದಾ? ವಿಳಾಸದ ಮೊದಲ ಪದ ನೋಡ್ರಿ

ಕಲಬುರಗಿಯೊಳಗ ಹಾಸ್ಟೆಲ್, ಆಫೀಸ್ ವೈಫೈ ಮ್ಯಾಲೆ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಸೋರ್ಸ್ ಕೋಡನ್ನ ಗಿಟ್ ಅನ್ನೋ ಕೋಡ್ ನಿರ್ವಹಣಾ ಸಾಧನದಿಂದ ಪುಲ್ ಮಾಡುವಾಗ (ಇಳಿಸಿಕೊಳ್ಳುವಾಗ) ‘ಕನೆಕ್ಷನ್ ಟೈಮ್ಡ್ ಔಟ್’ ಅಂತ ಬಂದ್ರ, ರಿಮೋಟ್ (ಕೋಡ್ ಇರೋ ಸರ್ವರ್) ವಿಳಾಸದ ಶುರುವಿನಾಗಿರೋ ‘ಗಿಟ್’ (git) ತೆಗೆದು ‘ಎಚ್‌ಟಿಟಿಪಿಎಸ್’ ಹಾಕ್ರಿ. ಕೋಲನ್ ಆದಮ್ಯಾಲಿಂದು ಒಂದಕ್ಷರಾನೂ ಮುಟ್ಟಬ್ಯಾಡ್ರಿ. ಗಿಟ್‌ನ ಸ್ವಂತ ಪ್ರೋಟೋಕಾಲ್ 9418ನೇ ಪೋರ್ಟಿನಿಂದ (ನೆಟ್ವರ್ಕಿನ ನಂಬರ್ ಇರೋ ಬಾಗಿಲು) ಹೋಗ್ತದ, ಅದನ್ನ ಭಾಳ ಕಡೆ ಫೈರ್‌ವಾಲ್ ಮುಚ್ಚಿರ್ತದ. ಎಚ್‌ಟಿಟಿಪಿಎಸ್ ಹೋಗೋದು 443ರಿಂದ. ಅದನ್ನ ಮುಚ್ಚಿದ್ರ ಬ್ರೌಸರೇ ನಡೆಯಂಗಿಲ್ಲ, ಹಂಗಾಗಿ ಯಾರೂ ಅದರ ತಂಟೆಗೆ ಹೋಗಂಗಿಲ್ಲ. ಪ್ರಾಕ್ಸಿ (ನೆಟ್ ಸಂಪರ್ಕಕ್ಕ ನಡುವ ಇರೋ ಸರ್ವರ್) ಇದ್ದಲ್ಲಿ ಇಷ್ಟ ಸಾಲದು, ಬ್ರೌಸರಿಗೆ ಹೇಳಿದ ಪ್ರಾಕ್ಸಿ ವಿಳಾಸಾನ ಗಿಟ್‌ಗೂ ಬ್ಯಾರೆ ಹೇಳಬೇಕು. ಇನ್ನ ಹಳೇ ಮಷಿನ್ ಬ್ಯಾಟರಿ ಸತ್ತು ತಾರೀಖು 2010ಕ್ಕ ಹೋಗಿದ್ರ ಸರ್ಟಿಫಿಕೇಟ್ ಎರರ್ ಬರ್ತದ. ಆಗ ಗಡಿಯಾರ ಸರಿ ಮಾಡ್ರಿ, ಎಸ್‌ಎಸ್‌ಎಲ್ ಪರಿಶೀಲನೆ (ಸರ್ವರಿನ ಸರ್ಟಿಫಿಕೇಟ್ ಅಸಲಿನಾ ಅಂತ ನೋಡೋದು) ಆಫ್ ಮಾಡೋ ಚಟ ಮಾತ್ರ ಬ್ಯಾಡ.