ಸಿಂಗಾಪುರ ಕ್ರೂಸ್‌ಗೆ ಎಷ್ಟು ನಗದು, ಯಾವ ನೋಟು, ಎಲ್ಲಿ ಕೊಳ್ಳುವುದು

ಬೆಂಗಳೂರಿನಿಂದ ಸಿಂಗಾಪುರಕ್ಕೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಮಲೇಷ್ಯಾದ ಪೆನಾಂಗ್, ಥಾಯ್ಲೆಂಡಿನ ಫುಕೆಟ್ ಸುತ್ತಿ ಮತ್ತೆ ಸಿಂಗಾಪುರಕ್ಕೇ ಮರಳುವ ನಾಲ್ಕೈದು ದಿನಗಳ ಕ್ರೂಸ್ ನಮ್ಮವರಲ್ಲಿ ಬಹಳ ಜನ ಆರಿಸಿಕೊಳ್ಳುವ ಪ್ರವಾಸ. ಹಣದ ವಿಷಯದಲ್ಲಿ ಮಾತ್ರ ಇದು ಸಾಮಾನ್ಯ ವಿದೇಶ ಪ್ರವಾಸದ ಹಾಗಲ್ಲ. ಒಂದು ವಾರದೊಳಗೆ ನಾಲ್ಕು ಬಗೆಯ ಹಣ ಬೇಕಾಗುತ್ತದೆ: ಸಿಂಗಾಪುರದಲ್ಲಿ ಸಿಂಗಾಪುರ ಡಾಲರ್, ಪೆನಾಂಗ್‌ನಲ್ಲಿ ರಿಂಗಿಟ್, ಫುಕೆಟ್‌ನಲ್ಲಿ ಬಾತ್. ಹಡಗಿನ ಲೆಕ್ಕ ಇವೆಲ್ಲದರಿಂದ ಬೇರೆ, ಅನೇಕ ಹಡಗುಗಳಲ್ಲಿ ಅದು ಅಮೆರಿಕನ್ ಡಾಲರ್‌ನಲ್ಲಿರುತ್ತದೆ. ಒಂದೊಂದು ಬಂದರಿನಲ್ಲಿ ಇಳಿದಿರುವುದು ಕೆಲವೇ ಗಂಟೆ.

ನಾಲ್ಕನ್ನೂ ಬೆಂಗಳೂರಿನಲ್ಲೇ ಕೊಂಡು ಹೊರಟರೆ ನಷ್ಟ. ಇಲ್ಲಿ ಸಿಂಗಾಪುರ ಡಾಲರ್, ಸ್ವಲ್ಪ ಅಮೆರಿಕನ್ ಡಾಲರ್ ಕೊಳ್ಳಿ. ರಿಂಗಿಟ್ ಮತ್ತು ಬಾತನ್ನು ಸಿಂಗಾಪುರದಲ್ಲಿ, ಹಡಗು ಹತ್ತುವ ಮುಂಚೆ ಬದಲಾಯಿಸಿಕೊಳ್ಳಿ. ಬೆಂಗಳೂರಿನ ಫಾರೆಕ್ಸ್ (ವಿದೇಶಿ ಹಣ ವಿನಿಮಯ) ಅಂಗಡಿಗಳಲ್ಲಿ ರಿಂಗಿಟ್, ಬಾತ್‌ಗಳ ದಾಸ್ತಾನು ಕಡಿಮೆ. ಹಾಗಾಗಿ ಕೊಳ್ಳುವ ದರಕ್ಕೂ ಮಾರುವ ದರಕ್ಕೂ ನಡುವಿನ ಅಂತರ ದೊಡ್ಡದು. ಸಿಂಗಾಪುರದಲ್ಲಿ ಈ ಎರಡು ಹಣಕ್ಕೆ ದಿನವಿಡೀ ಗಿರಾಕಿಗಳಿರುತ್ತಾರೆ, ಅಂಗಡಿಗಳ ನಡುವೆ ಪೈಪೋಟಿಯೂ ಇದೆ. ಎರಡು ಸಲ ಬದಲಾಯಿಸಿದರೂ ಅಲ್ಲಿ ಕೊಳ್ಳುವುದೇ ಸಾಮಾನ್ಯವಾಗಿ ಅಗ್ಗ.

ಹೊರಡುವ ಮೊದಲು: ಕಾಗದ ಮತ್ತು ಮಿತಿ

ರಿಸರ್ವ್ ಬ್ಯಾಂಕ್ ನಿಯಮದಂತೆ ಒಂದು ಪ್ರವಾಸಕ್ಕೆ ಒಬ್ಬರು 3,000 ಅಮೆರಿಕನ್ ಡಾಲರ್ ಮೌಲ್ಯದವರೆಗೆ ವಿದೇಶಿ ನೋಟು ಒಯ್ಯಬಹುದು. ಅದಕ್ಕಿಂತ ಹೆಚ್ಚು ಬೇಕಾದರೆ ಉಳಿದದ್ದು ಫಾರೆಕ್ಸ್ ಕಾರ್ಡಿನಲ್ಲಿ, ಅಂದರೆ ವಿದೇಶಿ ಹಣವನ್ನು ಮೊದಲೇ ತುಂಬಿಸಿಟ್ಟ ಕಾರ್ಡಿನಲ್ಲಿ, ಇರಬೇಕು. ಕ್ರೂಸ್‌ಗೆ ಇದರ ಕಾಲು ಭಾಗವೂ ನಗದಾಗಿ ಬೇಡ. ಹೊರಡುವ ದಿನಕ್ಕೆ 60 ದಿನಕ್ಕಿಂತ ಮೊದಲೇ ಕೊಳ್ಳುವಂತಿಲ್ಲ.

ಕೌಂಟರಿಗೆ ಪಾಸ್‌ಪೋರ್ಟ್, ವೀಸಾ, ವಿಮಾನದ ಟಿಕೆಟ್, ಪ್ಯಾನ್ ಕಾರ್ಡ್ ತೆಗೆದುಕೊಂಡು ಹೋಗಿ. ಅಲ್ಲಿ ವಿದೇಶಿ ಹಣ ಕೊಳ್ಳುವ ಅರ್ಜಿಯಾದ ಎ2 ಫಾರಂ ತುಂಬಬೇಕು. ಕ್ರೂಸ್ ಬುಕಿಂಗ್‌ನ ಪ್ರತಿಯೂ ಜೊತೆಗಿರಲಿ. ಟಿಕೆಟ್‌ನಲ್ಲಿ ಸಿಂಗಾಪುರ ಮಾತ್ರ ಇರುವುದರಿಂದ ಅಮೆರಿಕನ್ ಡಾಲರ್ ಯಾಕೆ ಅಂತ ಕೇಳಿದರೆ ಅದನ್ನೇ ತೋರಿಸಬಹುದು. ರೂಪಾಯಿಯನ್ನು ನಗದಾಗಿ ಕೊಡುವುದಾದರೆ 50,000ಕ್ಕಿಂತ ಕಡಿಮೆ ಇರಬೇಕು. ಅದಕ್ಕೆ ಮೇಲ್ಪಟ್ಟರೆ ನಿಮ್ಮದೇ ಖಾತೆಯಿಂದ ಚೆಕ್, ಕಾರ್ಡ್ ಅಥವಾ ಬ್ಯಾಂಕ್ ವರ್ಗಾವಣೆ. ಅಣ್ಣನ ಖಾತೆಯಿಂದ, ಸ್ನೇಹಿತರ ಖಾತೆಯಿಂದ ಕಳಿಸಿದರೆ ಅಂಗಡಿಯವರು ವಾಪಸ್ ಮಾಡುತ್ತಾರೆ, ಒಂದು ದಿನ ವ್ಯರ್ಥ.

ಲೈಸೆನ್ಸ್ ಇರುವ ಕಡೆ ಮಾತ್ರ ಕೊಳ್ಳಿ: ಬ್ಯಾಂಕ್, ಇಲ್ಲವೇ ರಿಸರ್ವ್ ಬ್ಯಾಂಕ್ ಪರವಾನಗಿ ಪಡೆದ ಮನಿ ಚೇಂಜರ್. "ಬಿಲ್ ಬೇಡ ಅಂದ್ರೆ ಇಪ್ಪತ್ತು ಪೈಸೆ ಕಡಿಮೆ ಮಾಡ್ತೀನಿ ಸರ್" ಎಂಬ ಮಾತಿಗೆ ಒಪ್ಪಲೇಬೇಡಿ. ಅದು ಕಾನೂನುಬಾಹಿರ. ನೋಟು ಖೋಟಾ ಎಂದು ಸಿಂಗಾಪುರದಲ್ಲಿ ಗೊತ್ತಾದರೆ ಕೇಳಲು ನಿಮ್ಮ ಬಳಿ ಒಂದು ಚೀಟಿಯೂ ಇರುವುದಿಲ್ಲ.

ದರ ಕೇಳುವ ಬಗೆ

"ಸಿಂಗಾಪುರ ಡಾಲರ್ ಎಷ್ಟು?" ಅಂತ ಕೇಳಬೇಡಿ. "600 ಸಿಂಗಾಪುರ ಡಾಲರ್ ನೋಟು ಬೇಕು, ಜಿಎಸ್‌ಟಿ, ಡೆಲಿವರಿ ಎಲ್ಲಾ ಸೇರಿ ನಾನು ಒಟ್ಟು ಎಷ್ಟು ರೂಪಾಯಿ ಕೊಡಬೇಕು?" ಎಂದು ಕೇಳಿ. ಮೂರು ಕಡೆ ಇದೇ ಪ್ರಶ್ನೆ, ಅದೂ ಒಂದೇ ಗಂಟೆಯೊಳಗೆ. ದರ ದಿನದಲ್ಲೇ ಏರಿಳಿಯುವುದರಿಂದ ಬೆಳಗಿನ ದರವನ್ನು ಸಂಜೆಯದಕ್ಕೆ ಹೋಲಿಸಿದರೆ ಉಪಯೋಗವಿಲ್ಲ.

ಲೆಕ್ಕ ಹೀಗೆ. ಗೂಗಲ್‌ನಲ್ಲಿ ಕಾಣುವ ಮಧ್ಯದ ದರ (ಕೊಳ್ಳುವ ಮತ್ತು ಮಾರುವ ದರಗಳ ನಡುವಿನದು) 68 ರೂಪಾಯಿ, ಅಂಗಡಿಯವರು ಹೇಳಿದ್ದು 69.20 ಎಂದುಕೊಳ್ಳಿ. 600 ಡಾಲರ್‌ಗೆ 41,520 ರೂಪಾಯಿ. ಒಂದು ಲಕ್ಷದೊಳಗಿನ ವಿನಿಮಯಕ್ಕೆ ಮೊತ್ತದ ಶೇ. 1ರಷ್ಟನ್ನು, ಕನಿಷ್ಠ 250 ರೂಪಾಯಿಯನ್ನು, ಸೇವೆಯ ಮೌಲ್ಯವೆಂದು ಹಿಡಿದು ಅದರ ಮೇಲೆ ಶೇ. 18 ಜಿಎಸ್‌ಟಿ ಹಾಕುತ್ತಾರೆ. ಇಲ್ಲಿ ಅದು ಸುಮಾರು 75 ರೂಪಾಯಿ. ಒಟ್ಟು 41,595. ಮಧ್ಯದ ದರದಲ್ಲಿ 40,800 ಆಗುತ್ತಿತ್ತು, ಅಂದರೆ ನಿಮಗೆ ಬಿದ್ದ ನಿಜವಾದ ಖರ್ಚು 795 ರೂಪಾಯಿ, ಶೇ. 2ರ ಹತ್ತಿರ. ನೋಟಿಗೆ ಶೇ. 2ರೊಳಗೆ ಸಿಕ್ಕರೆ ಕೊಳ್ಳಿ. ಶೇ. 4 ದಾಟಿದರೆ ಎದ್ದು ಬನ್ನಿ. ದರದಲ್ಲಿ ಚೌಕಾಸಿ ನಡೆಯುತ್ತದೆ, ಸಂಕೋಚ ಬೇಡ. ದೇವನಹಳ್ಳಿ ವಿಮಾನ ನಿಲ್ದಾಣದ ಕೌಂಟರ್ ಕೊನೆಯ ದಾರಿ. ಊರೊಳಗಿನ ದರ ಅಲ್ಲಿ ಸಿಗುವುದಿಲ್ಲ.

ವಿದೇಶಿ ಹಣ ಕೊಳ್ಳುವಾಗಲೇ ಕಟ್ಟಿಸಿಕೊಳ್ಳುವ ಟಿಸಿಎಸ್ ಎಂಬ ಮುಂಗಡ ತೆರಿಗೆಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೇಲೆ ಮಾತ್ರ ಅದು ತಗಲುತ್ತದೆ. ಟೂರ್ ಪ್ಯಾಕೇಜಿನ ಲೆಕ್ಕ ಬೇರೆ, ಅದನ್ನು ಪ್ಯಾಕೇಜ್ ಮಾರುವವರೇ ಬಿಲ್ಲಿನಲ್ಲಿ ತೋರಿಸುತ್ತಾರೆ.

ನೋಟು ಎಣಿಸುವಾಗ

ಕೌಂಟರ್ ಬಿಡುವ ಮುನ್ನ ಪ್ರತಿ ನೋಟನ್ನೂ ಬೆಳಕಿಗೆ ಹಿಡಿದು ನೋಡಿ. ಸ್ಟೇಪ್ಲರ್ ತೂತು, ಪೆನ್ನಿನಲ್ಲಿ ಬರೆದ ಅಂಕಿ, ಬ್ಯಾಂಕಿನ ಸೀಲಿನ ಶಾಯಿ, ಅಂಚಿನಲ್ಲಿ ಅರ್ಧ ಸೆಂಟಿಮೀಟರ್ ಹರಿದಿರುವುದು, ಇವು ನಮ್ಮ ಊರಿನಲ್ಲಿ ನಡೆಯುತ್ತವೆ. ಆಗ್ನೇಯ ಏಷ್ಯಾದ ಮನಿ ಚೇಂಜರ್‌ಗಳು ಇಂಥ ಅಮೆರಿಕನ್ ಡಾಲರ್ ನೋಟನ್ನು ಹಿಂದಕ್ಕೆ ತಳ್ಳುತ್ತಾರೆ, ಇಲ್ಲವೇ ದರ ಕಡಿಮೆ ಮಾಡುತ್ತಾರೆ. 100 ಡಾಲರ್ ನೋಟು ತೆಗೆದುಕೊಂಡರೆ ನೀಲಿ ಪಟ್ಟಿ ಇರುವುದನ್ನೇ ಕೇಳಿ. ಅದು 2013ರ ಅಕ್ಟೋಬರ್‌ನಲ್ಲಿ ಚಲಾವಣೆಗೆ ಬಂದ ವಿನ್ಯಾಸ, ಹಳೆಯದಕ್ಕೆ ತಕರಾರು ಹೆಚ್ಚು.

ಸಿಂಗಾಪುರ ಡಾಲರ್‌ನಲ್ಲಿ 50ರ ನೋಟುಗಳನ್ನು ಹೆಚ್ಚಾಗಿ, 10ರವನ್ನು ಸ್ವಲ್ಪ ಕೇಳಿ. 1,000ದ ನೋಟು ಬೇಡ. 2021ರಿಂದ ಅದನ್ನು ಹೊಸದಾಗಿ ಬಿಡುಗಡೆ ಮಾಡುತ್ತಿಲ್ಲ, ಸಣ್ಣ ಅಂಗಡಿಯಲ್ಲಿ ಅದಕ್ಕೆ ಚಿಲ್ಲರೆಯೂ ಸಿಗದು. ಅಮೆರಿಕನ್ ಡಾಲರ್‌ನಲ್ಲಿ 1 ಮತ್ತು 5ರ ನೋಟುಗಳೇ ಹಡಗಿನಲ್ಲಿ ಟಿಪ್ಸ್‌ಗೆ ಉಪಯೋಗಕ್ಕೆ ಬರುವವು. ಅಂಗಡಿಯಲ್ಲಿ ಇವು ಯಾವಾಗಲೂ ಇರುವುದಿಲ್ಲ, ಎರಡು ದಿನ ಮೊದಲೇ ಹೇಳಿಡಿ.

ಎಷ್ಟು ಬೇಕು

ಗಂಡ ಹೆಂಡತಿ ಇಬ್ಬರಿಗೆ, ಹಡಗಿಗೆ ಮೊದಲು ಮತ್ತು ನಂತರ ಸಿಂಗಾಪುರದಲ್ಲಿ ಒಟ್ಟು ಎರಡು ಮೂರು ದಿನ ಎಂದರೆ: ಬೆಂಗಳೂರಿನಿಂದ 600 ಸಿಂಗಾಪುರ ಡಾಲರ್, 50ರಿಂದ 60 ಅಮೆರಿಕನ್ ಡಾಲರ್. ಆ 600ರಲ್ಲಿ 60ರಷ್ಟನ್ನು ಸಿಂಗಾಪುರದಲ್ಲಿ ರಿಂಗಿಟ್‌ಗೆ, 120ರಷ್ಟನ್ನು ಬಾತ್‌ಗೆ ಬದಲಾಯಿಸಿ. ಹೋಟೆಲ್, ದೊಡ್ಡ ಪ್ರವೇಶ ಟಿಕೆಟ್, ಮಾಲ್ ಖರೀದಿ ಕಾರ್ಡಿನಲ್ಲಿ ಆಗುತ್ತದೆ. ಮೆಟ್ರೋ, ಬಸ್ಸಿಗೆ ಕಾಂಟ್ಯಾಕ್ಟ್‌ಲೆಸ್ ಬ್ಯಾಂಕ್ ಕಾರ್ಡನ್ನೇ ತಟ್ಟಬಹುದು, ವಿದೇಶಿ ಕಾರ್ಡಿಗೆ ಬಳಸಿದ ದಿನಕ್ಕೆ 60 ಸೆಂಟ್ ಹೆಚ್ಚುವರಿ. ಯುಪಿಐ ಸಿಂಗಾಪುರದ ಕೆಲವು ಅಂಗಡಿಗಳಲ್ಲಿ ನಡೆಯುತ್ತದೆ, ಅದನ್ನೇ ನೆಚ್ಚಿಕೊಂಡು ಹೋಗಬೇಡಿ.

ಭಾರತದ ರೂಪಾಯಿಯನ್ನು ಒಬ್ಬರು 25,000ದವರೆಗೆ ಜೊತೆಗೆ ಒಯ್ಯಬಹುದು. ಸ್ವಲ್ಪ ಇಟ್ಟುಕೊಳ್ಳಿ, 500ರ ನೋಟುಗಳಲ್ಲಿ. ಸಿಂಗಾಪುರದ ಲಿಟಲ್ ಇಂಡಿಯಾದಲ್ಲಿ ಮುಸ್ತಫಾ ಸೆಂಟರ್ ಆಸುಪಾಸಿನ ಮನಿ ಚೇಂಜರ್‌ಗಳು ರೂಪಾಯಿ ತೆಗೆದುಕೊಳ್ಳುತ್ತಾರೆ. ಕಡಿಮೆ ಬಿದ್ದರೆ ಅದು ಆಸರೆ, ವಾಪಸ್ ಬಂದಾಗ ಟ್ಯಾಕ್ಸಿಗೂ ಬೇಕು.

ಸಿಂಗಾಪುರದಲ್ಲಿ ಇಳಿದ ಮೇಲೆ

ಚಾಂಗಿ ವಿಮಾನ ನಿಲ್ದಾಣದಲ್ಲಿ ಏನೂ ಬದಲಾಯಿಸಬೇಡಿ, ಕೈಯಲ್ಲಿ ಆಗಲೇ ಸಿಂಗಾಪುರ ಡಾಲರ್ ಇದೆ. ಊರೊಳಗೆ ಬಂದು ಮುಸ್ತಫಾ ಸುತ್ತಲಿನ ಅಂಗಡಿಗಳಿಗೋ, ಚೈನಾಟೌನ್‌ನ ಪೀಪಲ್ಸ್ ಪಾರ್ಕ್ ಕಾಂಪ್ಲೆಕ್ಸಿಗೋ ಹೋಗಿ. ಹಲಗೆಯ ಮೇಲೆ ಎರಡು ಸಾಲು ದರ ಇರುತ್ತದೆ. "ವಿ ಸೆಲ್" ಎಂಬುದನ್ನು ನೋಡಿ, ಅವರು ನಿಮಗೆ ಮಾರುವ ದರ ಅದು. "ವಿ ಬೈ" ದರ ನೋಡಿ ಖುಷಿಪಟ್ಟು ಸಾಲಿನಲ್ಲಿ ನಿಲ್ಲುವವರು ಬಹಳ. ಎರಡರ ನಡುವಿನ ಅಂತರ ಸಣ್ಣದಿದ್ದಷ್ಟೂ ಅಂಗಡಿ ಒಳ್ಳೆಯದು. ಅಕ್ಕಪಕ್ಕದ ಮೂರು ಹಲಗೆ ನೋಡಿ, ನಾಲ್ಕನೆಯದಕ್ಕೆ ಅಲೆಯಬೇಡಿ. 180 ಡಾಲರ್‌ಗೆ ಉಳಿಯುವುದು ಒಂದು ಕಾಫಿಯ ದುಡ್ಡು.

ರಿಂಗಿಟ್ ಕೊಳ್ಳುವಾಗ 10, 20ರ ನೋಟು, ಬಾತ್‌ನಲ್ಲಿ 100ರ ನೋಟು ಹೆಚ್ಚಿಗೆ ಕೇಳಿ. ಬಂದರಿನ ಹೊರಗಿನ ಎಳನೀರಿನವನಿಗೆ 1,000 ಬಾತ್ ನೋಟು ಚಾಚಿದರೆ ಚಿಲ್ಲರೆ ಇಲ್ಲ ಎನ್ನುತ್ತಾನೆ, ನಿಜವಾಗಿಯೂ ಇರುವುದಿಲ್ಲ.

"ಬಂದರಿನಲ್ಲಿ ಇಳಿದ ಮೇಲೆ ಬದಲಾಯಿಸೋಣ" ಎಂಬ ಯೋಜನೆ ಕೆಡುವುದು ಮೂರು ಕಾರಣಕ್ಕೆ. ಹಡಗು ಪೆನಾಂಗ್‌ಗೆ ಮಧ್ಯಾಹ್ನದ ಮೇಲೆ ತಲುಪಿದರೆ ನೀವು ಸ್ವೆಟ್ಟೆನ್‌ಹ್ಯಾಮ್ ಪಿಯರ್‌ನಿಂದ ಹೊರಬರುವ ಹೊತ್ತಿಗೆ ಅಂಗಡಿಗಳು ಬಾಗಿಲು ಹಾಕುತ್ತಿರಬಹುದು. ಎರಡನೆಯದಾಗಿ, ಫುಕೆಟ್‌ನಲ್ಲಿ ದೊಡ್ಡ ಹಡಗು ಪಟಾಂಗ್ ಕಡಲತೀರದ ಎದುರು ಸಮುದ್ರದಲ್ಲೇ ಲಂಗರು ಹಾಕಿ ಸಣ್ಣ ದೋಣಿಗಳಲ್ಲಿ ದಡಕ್ಕೆ ಬಿಡುತ್ತದೆ. ಇಳಿದ ಎಲ್ಲರೂ ದಡದ ಒಂದೆರಡು ಬೂತಿಗೇ ನುಗ್ಗುತ್ತಾರೆ. ಮೂರನೆಯದನ್ನು ಯಾರೂ ಮೊದಲೇ ಯೋಚಿಸಿರುವುದಿಲ್ಲ: ಕೆಲವು ಯಾನಗಳಲ್ಲಿ ಹತ್ತುವಾಗಲೇ ಪಾಸ್‌ಪೋರ್ಟನ್ನು ಹಡಗಿನವರು ಇಟ್ಟುಕೊಂಡು ಕೊನೆಯಲ್ಲಿ ಕೊಡುತ್ತಾರೆ. ಥಾಯ್ಲೆಂಡಿನ ಬೂತಿನಲ್ಲಿ ಹಣ ಬದಲಾಯಿಸಲು ಪಾಸ್‌ಪೋರ್ಟ್ ಕೇಳುತ್ತಾರೆ. ಆದ್ದರಿಂದ ಫೋಟೊ ಪುಟದ ಎರಡು ಜೆರಾಕ್ಸ್ ಬ್ಯಾಗಿನಲ್ಲಿರಲಿ, ಪ್ರತಿಗೆ ಒಪ್ಪುವ ಬೂತುಗಳೂ ಇವೆ.

ಬೂತಿಗೆ ಹೋಗಲೇಬೇಕಾಯಿತೆಂದರೆ, ಥಾಯ್ಲೆಂಡಿನಲ್ಲಿ ಅಮೆರಿಕನ್ ಡಾಲರ್‌ನ 50, 100ರ ನೋಟಿಗೆ ಒಂದು ದರ, ಸಣ್ಣ ನೋಟಿಗೆ ಅದಕ್ಕಿಂತ ಕಡಿಮೆ ದರ. ಟಿಪ್ಸ್‌ಗೆಂದು ತಂದ 1, 5ರ ನೋಟುಗಳನ್ನು ಅಲ್ಲಿ ಕೊಡಬೇಡಿ.

ಎಟಿಎಂ ಮತ್ತು ಕಾರ್ಡ್

ಥಾಯ್ಲೆಂಡಿನ ಎಟಿಎಂಗಳು ವಿದೇಶಿ ಕಾರ್ಡಿಗೆ ಪ್ರತಿ ಸಲ 220 ಬಾತ್ ಅಥವಾ ಅದಕ್ಕೂ ಹೆಚ್ಚು ಶುಲ್ಕ ಹಿಡಿಯುತ್ತವೆ. 2,000 ಬಾತ್ ತೆಗೆದರೆ ಅದೇ ಶೇ. 11. ಅದರ ಮೇಲೆ ನಿಮ್ಮ ಬ್ಯಾಂಕಿನ ಎಟಿಎಂ ಶುಲ್ಕ, ಅದರ ಮೇಲೆ ಶೇ. 2ರಿಂದ 3.5ರ ಮಾರ್ಕಪ್ (ವಿನಿಮಯ ದರದ ಮೇಲೆ ಬ್ಯಾಂಕ್ ಸೇರಿಸುವ ಹೆಚ್ಚುವರಿ), ಮಾರ್ಕಪ್ ಮೇಲೆ ಜಿಎಸ್‌ಟಿ. ಕೈ ಸುಡುವುದು ಖಚಿತ. ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆದರೆ ಅಂದಿನಿಂದಲೇ ಬಡ್ಡಿ ಶುರು, ಅದನ್ನು ಮಾಡಲೇಬೇಡಿ.

ಎಟಿಎಂ ಆಗಲಿ, ಅಂಗಡಿಯ ಯಂತ್ರವಾಗಲಿ, "ರೂಪಾಯಿಯಲ್ಲಿ ಕಡಿತ ಮಾಡಲೇ?" ಎಂದು ಪರದೆಯ ಮೇಲೆ ಕೇಳಿದರೆ ಬೇಡ ಎನ್ನಿ. "ವಿತೌಟ್ ಕನ್ವರ್ಷನ್" ಅಥವಾ ಆ ದೇಶದ ಹಣದ ಗುಂಡಿ ಒತ್ತಿ. ರೂಪಾಯಿ ಒತ್ತಿದರೆ ಅವರೇ ನಿಗದಿ ಮಾಡಿದ ಕೆಟ್ಟ ದರ ಬೀಳುತ್ತದೆ, ನಿಮ್ಮ ಬ್ಯಾಂಕೂ ಬೇರೆ ಶುಲ್ಕ ಹಾಕಬಹುದು. ಅಂಗಡಿಯಾತ ನಿಮ್ಮನ್ನು ಕೇಳದೆ ತಾನೇ ಒತ್ತಿಬಿಡುವುದುಂಟು. ಚೀಟಿಯಲ್ಲಿ ರೂಪಾಯಿ ಮೊತ್ತ ಕಂಡರೆ ಆ ವ್ಯವಹಾರ ರದ್ದು ಮಾಡಿಸಿ ಮತ್ತೆ ಮಾಡಿಸಿ.

ಕಾರ್ಡಿನ ವಿದೇಶಿ ಬಳಕೆಯನ್ನು ಬ್ಯಾಂಕ್ ಆ್ಯಪ್‌ನಲ್ಲಿ ನೀವೇ ಆನ್ ಮಾಡಬೇಕು. ಇದನ್ನು ಮನೆಯಲ್ಲಿಯೇ ಮುಗಿಸಿ. ಹಡಗಿನಲ್ಲಿ ಮೊಬೈಲ್ ಸಿಗ್ನಲ್ ಇರದು, ಇದ್ದರೂ ಅದು ಹಡಗಿನ ದುಬಾರಿ ರೋಮಿಂಗ್. ಒಟಿಪಿ ಬಾರದೆ ಮಿತಿ ಏರಿಸಲೂ ಆಗದು, ಫಾರೆಕ್ಸ್ ಕಾರ್ಡಿಗೆ ಹಣ ತುಂಬಲೂ ಆಗದು.

ಹಡಗಿನ ಒಳಗೆ

ಹಡಗಿನಲ್ಲಿ ನಗದು ನಡೆಯುವುದಿಲ್ಲವೆಂದೇ ಇಟ್ಟುಕೊಳ್ಳಿ. ಕೋಣೆಯ ಬೀಗ ತೆರೆಯುವ ಕಾರ್ಡೇ ನಿಮ್ಮ ಖಾತೆ. ಜ್ಯೂಸ್, ವೈಫೈ, ಫೋಟೊ ಎಲ್ಲ ಅದಕ್ಕೇ ಬರೆದುಕೊಳ್ಳುತ್ತಾರೆ. ಸಿಬ್ಬಂದಿಯ ಟಿಪ್ಸ್ ಕೂಡ ದಿನಕ್ಕೆ ತಲೆಗಿಷ್ಟು ಎಂದು ತಾನಾಗಿ ಸೇರುತ್ತದೆ. ಡಾಲರ್ ಹಡಗುಗಳಲ್ಲಿ ಅದು ಸಾಮಾನ್ಯವಾಗಿ 15ರಿಂದ 20 ಡಾಲರ್, ಮಕ್ಕಳಿಗೂ ಲೆಕ್ಕ. ಇಬ್ಬರಿಗೆ ನಾಲ್ಕು ರಾತ್ರಿ ಅಂದರೆ 120ರಿಂದ 160 ಡಾಲರ್. ಕೆಲವು ಪ್ಯಾಕೇಜಿನಲ್ಲಿ ಮೊದಲೇ ಕಟ್ಟಿಸಿಕೊಂಡಿರುತ್ತಾರೆ, ಬುಕಿಂಗ್ ಕಾಗದ ಓದಿಕೊಳ್ಳಿ. ತಂದ ಸಣ್ಣ ಡಾಲರ್ ನೋಟುಗಳು ಇದರ ಮೇಲೆ ಕೋಣೆಯ ಸಿಬ್ಬಂದಿಗೆ, ಲಗೇಜ್ ಹೊರುವವರಿಗೆ ಪ್ರೀತಿಯಿಂದ ಕೊಡಲು.

ಈ ಖಾತೆಗೆ ಕ್ರೆಡಿಟ್ ಕಾರ್ಡ್ ಜೋಡಿಸಿ. ಡೆಬಿಟ್ ಕಾರ್ಡ್, ಫಾರೆಕ್ಸ್ ಕಾರ್ಡ್ ಬೇಡ. ಹಡಗಿನವರು ಮುಂಗಡವಾಗಿ ಒಂದಿಷ್ಟು ಹಣವನ್ನು ಹಿಡಿದಿಡುತ್ತಾರೆ, ಖರ್ಚು ಬೆಳೆದಂತೆ ಮತ್ತೆ ಹಿಡಿಯುತ್ತಾರೆ. ಕ್ರೆಡಿಟ್ ಕಾರ್ಡಿನಲ್ಲಿ ಅದು ಮಿತಿಯನ್ನಷ್ಟೇ ತಗ್ಗಿಸುತ್ತದೆ. ಉಳಿದೆರಡರಲ್ಲಿ ನಿಮ್ಮ ಸ್ವಂತ ಹಣವೇ ಸಿಕ್ಕಿಹಾಕಿಕೊಂಡು, ಬಿಡುಗಡೆಯಾಗಲು ಊರಿಗೆ ಬಂದ ಮೇಲೂ ದಿನಗಟ್ಟಲೆ ಕಾಯಬೇಕಾಗುತ್ತದೆ. ಕ್ರೆಡಿಟ್ ಕಾರ್ಡ್ ಇಲ್ಲದಿದ್ದರೆ ಗೆಸ್ಟ್ ಸರ್ವಿಸಸ್ ಕೌಂಟರಿನಲ್ಲಿ ನಗದು ಠೇವಣಿ ಇಡಬಹುದು, ಆಗ ಬೆಂಗಳೂರಿನಲ್ಲೇ 200-300 ಅಮೆರಿಕನ್ ಡಾಲರ್ ಹೆಚ್ಚಿಗೆ ಕೊಳ್ಳಬೇಕು. ಉಳಿದ ಠೇವಣಿ ಕೇಳಲು ಕೊನೆಯ ರಾತ್ರಿ ಉದ್ದನೆಯ ಸಾಲಿರುತ್ತದೆ, ಮಧ್ಯಾಹ್ನವೇ ಹೋಗಿ. ಹಡಗಿನ ಎಟಿಎಂ ಮತ್ತು ವಿನಿಮಯ ಕೌಂಟರ್ ಎರಡೂ ದುಬಾರಿ.

ದಡಕ್ಕೆ ಇಳಿಯುವಾಗ ಆ ದೇಶದ ಹಣ ಮಾತ್ರ ಜೇಬಿನಲ್ಲಿರಲಿ, ಉಳಿದದ್ದು ಕೋಣೆಯ ಲಾಕರಿನಲ್ಲಿ. ಫಿಫಿ ದ್ವೀಪಕ್ಕೆ ದೋಣಿ ಪ್ರವಾಸ ಹೋಗುವುದಾದರೆ ರಾಷ್ಟ್ರೀಯ ಉದ್ಯಾನದ ಶುಲ್ಕ ವಿದೇಶಿ ವಯಸ್ಕರಿಗೆ 400 ಬಾತ್. ಅನೇಕ ಟೂರ್‌ಗಳ ದರದಲ್ಲಿ ಅದು ಸೇರಿರುವುದಿಲ್ಲ, ದೋಣಿಯ ಬಳಿ ನಗದಾಗಿ ಕೇಳುತ್ತಾರೆ. ಇನ್ನೊಂದು ಮಾತು: ಗಾಳಿಗೆ ಹಾರಿದ ಬಾತ್ ನೋಟನ್ನು ಕಾಲಿನಿಂದ ತುಳಿದು ಹಿಡಿಯಬೇಡಿ. ಅದರ ಮೇಲೆ ರಾಜರ ಚಿತ್ರವಿದೆ, ಅಲ್ಲಿನವರು ಅದನ್ನು ತೀವ್ರ ಅವಮಾನವೆಂದು ಕಾಣುತ್ತಾರೆ.

ಉಳಿದ ಹಣ

ರಿಂಗಿಟ್, ಬಾತ್ ಉಳಿದರೆ ಸಿಂಗಾಪುರಕ್ಕೆ ಮರಳಿದ ದಿನವೇ ಅಲ್ಲಿ ಮಾರಿಬಿಡಿ, ಬೆಂಗಳೂರಿಗೆ ತಂದರೆ ಸಿಗುವ ಬೆಲೆ ಬಹಳ ಕಡಿಮೆ. ನಾಣ್ಯಗಳನ್ನು ಎಲ್ಲಿಯೂ ಕೊಳ್ಳುವುದಿಲ್ಲ, ಆಯಾ ಬಂದರಿನಲ್ಲೇ ನೀರು, ತಿಂಡಿಗೆ ಮುಗಿಸಿ.

ಊರಿಗೆ ಬಂದ ಮೇಲೆ 2,000 ಅಮೆರಿಕನ್ ಡಾಲರ್ ಮೌಲ್ಯದವರೆಗೆ ನೋಟುಗಳನ್ನು ಮುಂದಿನ ಪ್ರವಾಸಕ್ಕೆ ಇಟ್ಟುಕೊಳ್ಳಲು ಅನುಮತಿ ಇದೆ. ಅದಕ್ಕಿಂತ ಹೆಚ್ಚಿದ್ದರೆ 180 ದಿನದೊಳಗೆ ಮಾರಬೇಕು. ಮಾರುವಾಗ ಕೊಂಡ ಬಿಲ್ ಒಯ್ಯಿರಿ. 1,000 ಡಾಲರ್ ಮೌಲ್ಯದವರೆಗೆ ಮಾತ್ರ ರೂಪಾಯಿ ಕೈಗೆ ಕೊಡುತ್ತಾರೆ, ಅದಕ್ಕೆ ಮೇಲ್ಪಟ್ಟದ್ದು ಬ್ಯಾಂಕ್ ಖಾತೆಗೆ ಬರುತ್ತದೆ. ಫಾರೆಕ್ಸ್ ಕಾರ್ಡಿನಲ್ಲಿ ಉಳಿದ ಹಣವನ್ನು ಮರೆತುಬಿಡಬೇಡಿ, ಬಳಸದೆ ಬಿಟ್ಟ ಕಾರ್ಡಿಗೆ ಶುಲ್ಕ ಹಾಕುವ ಬ್ಯಾಂಕುಗಳಿವೆ.