ಆರ್ಕುಟ್ ಮುಚ್ಚುವ ಮುಂಚಿನ ಮೂರು ತಿಂಗಳು

2014ರ ಜೂನ್ 30ಕ್ಕೆ ಸುದ್ದಿ ಬಂತು. ಸೆಪ್ಟೆಂಬರ್ 30ಕ್ಕೆ ಆರ್ಕುಟ್, ಅಂದರೆ ಫೇಸ್‌ಬುಕ್ ಥರದ ಗೂಗಲ್‌ನ ಜಾಲತಾಣ, ಬಂದ್. ನಮ್ಮ ಊರಿನವರ ಒಂದು ಸಣ್ಣ ಕಮ್ಯುನಿಟಿಯನ್ನು ನಾನು ನೋಡಿಕೊಳ್ಳುತ್ತಿದ್ದೆ. ಅದರ ಹೆಸರಲ್ಲಿ ಕೊನೆತನಕ ಗುಲ್ಬರ್ಗಾ ಅಂತಲೇ ಇತ್ತು. ಊರು ಕಲಬುರಗಿ ಆಗಿದ್ದು ನವೆಂಬರ್ 1ಕ್ಕೆ, ಗುಂಪು ಮುಚ್ಚಿ ಒಂದು ತಿಂಗಳಾದ ಮೇಲೆ.

ಅಷ್ಟೊತ್ತಿಗೆ ಅರ್ಧ ಜನ ಫೇಸ್‌ಬುಕ್‌ಗೆ ಹೋಗಿದ್ದರು. ಆದರೂ ಸುಮ್ನೆ ಬಾಗಿಲು ಹಾಕಲು ಮನಸ್ಸು ಒಪ್ಪಲಿಲ್ಲ. ಹೋಳಿ ಮುಗಿದು ಶರಣಬಸವೇಶ್ವರ ಜಾತ್ರೆ ಬಂತೆಂದರೆ, ದುಬೈ, ಪುಣೆಯಲ್ಲಿ ಇದ್ದವರು "ತೇರು ಎಳದ್ರೇನ್ರಿ?" ಅಂತ ಕೇಳುತ್ತಿದ್ದ ಜಾಗ ಅದು.

"ಕೊನೆಯ ಹಾಜರಿ" ಅಂತ ಒಂದು ಟಾಪಿಕ್ ತೆರೆದೆ. ಫೋನ್ ನಂಬರ್ ಅಲ್ಲೇ ಹಾಕಿ ಅಂದಿದ್ದು ತಪ್ಪಾಯಿತು. ಎಲ್ಲರಿಗೂ ಕಾಣುವ ಕಮ್ಯುನಿಟಿಗಳ ಬರಹ ಮುಚ್ಚಿದ ಮೇಲೂ ಸಂಗ್ರಹದಲ್ಲಿ ಇರುತ್ತದೆ ಅಂತ ಗೂಗಲ್ ಹೇಳಿತ್ತು ಅಲ್ವಾ! ಅವತ್ತೇ ರಾತ್ರಿ ಎಲ್ಲ ಅಳಿಸಿ, ಒಬ್ಬೊಬ್ಬರಿಗೂ ಬೇರೆ ಬೇರೆ ಬರೆದು ನಂಬರ್ ಕೇಳಿದೆ. ಜಾಸ್ತಿ ದಿನ ಹಿಡಿದಿದ್ದು ಇದಕ್ಕೇ. ನನ್ನ ಫೋಟೋ, ಸ್ಕ್ರ್ಯಾಪ್ (ಒಬ್ಬರ ಪುಟದಲ್ಲಿ ಬೇರೆಯವರು ಬರೆಯುತ್ತಿದ್ದ ಸಂದೇಶ) ಎಲ್ಲ, ನಮ್ಮ ಖಾತೆಯ ಮಾಹಿತಿ ಇಳಿಸಿಕೊಳ್ಳುವ ಗೂಗಲ್ ಟೇಕ್‌ಔಟ್‌ನಿಂದ ಸಲೀಸಾಗಿ ಇಳಿದವು.

ಉಳಿದದ್ದು ಒಬ್ಬ ಗೆಳೆಯನ ಸ್ಕ್ರ್ಯಾಪ್‌ಬುಕ್. ಅವನು ತೀರಿಹೋಗಿ ಎರಡು ವರ್ಷವಾಗಿತ್ತು. ಹುಟ್ಟಿದ ದಿನಕ್ಕೆ ಜನ ಇನ್ನೂ ಅವನಿಗೆ ಬರೆಯುತ್ತಿದ್ದರು. ಟೇಕ್‌ಔಟ್‌ಗೆ ಅವನ ಪಾಸ್‌ವರ್ಡ್ ಬೇಕು, ಅದು ಯಾರ ಹತ್ತಿರವೂ ಇಲ್ಲ. ಒಂದೊಂದೇ ಪುಟ ಕಾಪಿ ಮಾಡಿ, ಪ್ರಿಂಟ್ ತೆಗೆಸಿ, ಅವನ ಅಪ್ಪನ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು. ಓದಲು ಬರಲಿಲ್ಲ. ಆಗ ನಾವೆಲ್ಲ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಒತ್ತುತ್ತಿದ್ದೆವು.

ಹಾಳೆಗಳನ್ನು ವಾಪಸ್ ತಂದೆ. ಇನ್ನೂರು ಪುಟದ ನೋಟ್‌ಬುಕ್ ಕೊಂಡು ದಿನಾ ರಾತ್ರಿ ಕನ್ನಡದಲ್ಲಿ ಬರೆಯುತ್ತಾ ಕೂತೆ. ಒಂದೇ ಸ್ಪೆಲ್ಲಿಂಗ್, ಅದು "ಬಿಡಿ"ಯೋ "ಬೀಡಿ"ಯೋ ತಿಳಿಯಬೇಕಾದರೆ ಬರೆದವರ ದನಿ ನೆನಪಿಸಿಕೊಳ್ಳಬೇಕು. ಹಾಗೆ ನೆನಪಿಸಿಕೊಳ್ಳುತ್ತಾ ಎಲ್ಲರ ಜೊತೆಗೂ ಮತ್ತೊಂದು ಸಲ ಕೂತು ಮಾತಾಡಿದಂತಾಯಿತು.

ಸೆಪ್ಟೆಂಬರ್ ಕೊನೆಯ ವಾರ ನೋಟ್‌ಬುಕ್ ಕೊಟ್ಟೆ. ಅಪ್ಪ ಬೆರಳಿಟ್ಟು ಓದುತ್ತಾ ಹೋದರು. ಒಂದು ಸಾಲಿನ ಹತ್ತಿರ ಬೆರಳು ನಿಂತಿತು: "ಏನ್ ಮಾಡ್ಲಕತ್ತಿಪಾ? ಎಲ್ಲಿ ಹೋದಿ?"

"ಇದು ಯಾರು ಬರೆದದ್ದು?" ಅಂದರು. ಹೇಳಿದೆ. ಅವನ ನಂಬರ್ ನನ್ನ ಪಟ್ಟಿಯಲ್ಲಿತ್ತು. ಅಲ್ಲೇ ಫೋನ್ ಹಚ್ಚಿ ಅವರ ಕೈಗೆ ಕೊಟ್ಟೆ.